1965ರ ಬೀಟಲ್‌ಗೆ ಅಸಲಿ ಬಿಲ್‌ಸ್ಟೈನ್ ಜಾಕ್: ಗುರುತಿಸೋದು ಹೇಗೆ, ಎಲ್ಲಿ ಹುಡುಕೋದು?

ಏರ್‌ಕೂಲ್ಡ್ ಮೈಸೂರು:
ಕಾರು ಫೋಕ್ಸ್‌ವ್ಯಾಗನ್ ಬೀಟಲ್ 1200. ಹಿಂದಿನ ಸೀಟಿನ ಕೆಳಗೆ ನೆಲದ ನಡುವೆ ಉದ್ದಕ್ಕೆ ಉಬ್ಬಿರೋ ಟನಲ್ ಮೇಲೆ ಹೊಡೆದಿರೋ ಷಾಸಿ ನಂಬರ್ 115ರಿಂದ ಶುರುವಾಗುತ್ತೆ. ಬಾಡಿ, ಇಂಜಿನ್, ವೈರಿಂಗ್ ಎಲ್ಲ ಮುಗಿದಿದೆ, ಬಾಕಿ ಇರೋದು ಟೂಲ್ ಕಿಟ್. ಜಾಕ್ ಕಾರಿನ ಜೊತೆ ಬಂದಿಲ್ಲ. ಈಗ ಒಂದು ಮಾರಾಟಕ್ಕಿದೆ, ಫೋಟೋ ಬಂದಿದೆ. ಬಿಲ್‌ಸ್ಟೈನ್ ಅಂತ ಅಚ್ಚಿದೆ, ಅದರ ಹತ್ತಿರ 8 67 ಅಂತ ಕಾಣುತ್ತೆ. ಹೊಸದಾಗಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದಾರೆ. ಎತ್ತೋ ಸಲಾಕೆ ಇಲ್ಲ.

ಇದು ನನ್ನ ಕಾರಿಗೆ ಸಲ್ಲುತ್ತಾ? ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು? ರಸ್ತೆಯಲ್ಲಿ ಪಂಕ್ಚರ್ ಆದರೆ ನಿಜವಾಗಿ ಬಳಸಬಹುದಾ, ಇಲ್ಲಾ ಬರೀ ಪ್ರದರ್ಶನಕ್ಕಾ?

ಪಾನಾಪೆಟ್ಟಿಗೆ:
ಮೊದಲು ತಾರೀಖು. 115 ಅಂದರೆ 1965ರ ಮಾಡೆಲ್: ಮೊದಲ ಎರಡು ಅಂಕಿ ಬೀಟಲ್ ಸೆಡಾನ್‌ಗೆ, ಮೂರನೆಯದು ವರ್ಷಕ್ಕೆ. ಆ ಕಾಲಕ್ಕೆ ವೊಲ್ಫ್ಸ್‌ಬರ್ಗ್‌ನಲ್ಲಿ ಹೊಸ ಮಾಡೆಲ್ ಆಗಸ್ಟ್‌ನಲ್ಲಿ ಶುರುವಾಗುತ್ತಿತ್ತು. ಹಾಗಾಗಿ ನಿಮ್ಮ ಕಾರು ತಯಾರಾಗಿರೋದು 1964ರ ಆಗಸ್ಟ್‌ನಿಂದ 1965ರ ಜುಲೈ ಒಳಗೆ. ನಿಖರ ದಿನ ಬೇಕಿದ್ದರೆ ವೊಲ್ಫ್ಸ್‌ಬರ್ಗ್‌ನ ಆಟೋ ಮ್ಯೂಸಿಯಂಗೆ ಷಾಸಿ ನಂಬರ್ ಕಳಿಸಿ, ಶುಲ್ಕ ಕಟ್ಟಿಸಿಕೊಂಡು ಜನನ ಪ್ರಮಾಣಪತ್ರ ಕೊಡ್ತಾರೆ. ನಿಮ್ಮ ಫೋಟೋದ 8 67 ಅಂದರೆ ಜಾಕ್ ತಯಾರಾದ ತಿಂಗಳು, ವರ್ಷ. ಆಗಸ್ಟ್ 67ರ ಜಾಕ್ 1968ರ ಮಾಡೆಲ್‌ನವರಿಗೆ ಬೇಕಾದದ್ದು. ನಿಮಗೆ ಕಾರಿನ ದಿನಾಂಕಕ್ಕಿಂತ ಒಂದೆರಡು ತಿಂಗಳು ಹಿಂದಿನ ಅಚ್ಚು ಸಿಕ್ಕರೆ ಸರಿ. ಕಾರಿಗಿಂತ ಆಮೇಲಿನ ತಾರೀಖು ಇದ್ದರೆ ಅದು ಆ ಕಾರಿನ ಜೊತೆ ಬಂದಿರೋಕೆ ಸಾಧ್ಯವೇ ಇಲ್ಲ.

ಎರಡನೆಯದು, ಬಿಲ್‌ಸ್ಟೈನ್ ಅನ್ನೋ ಹೆಸರು ನೋಡಿ ಮರುಳಾಗಬೇಡಿ. ಇವತ್ತು ಶಾಕ್ ಅಬ್ಸಾರ್ಬರ್‌ಗೆ ಹೆಸರಾದ ಅದೇ ಕಂಪನಿ ಬೆಂಜ್‌ಗೂ ಪೋರ್ಷೆಗೂ ಜಾಕ್ ಮಾಡಿಕೊಡ್ತಿತ್ತು. ಬೆಂಜ್ ಡಬ್ಲ್ಯು123ರ ಜಾಕ್ ನಮ್ಮ ಗುಜರಿಗಳಲ್ಲಿ ಸಿಗುತ್ತೆ. ಅದರ ಮೂತಿ ಗುಂಡಗಿರುತ್ತೆ, ಸಿಲ್ (ಬಾಗಿಲ ಕೆಳಗಿನ ಅಂಚು) ಒಳಗಿನ ಗುಂಡು ಪೈಪಿಗೆ ಹೋಗೋ ಹಾಗೆ. ಬೀಟಲ್‌ಗೆ ಬೇಕಾದ್ದು ಚೌಕ ಮೂತಿ. ಹಳೇ ಪೋರ್ಷೆ ಜಾಕ್‌ನಲ್ಲೂ ಚೌಕವೇ ಇರೋದರಿಂದ ಫೋಟೋದಲ್ಲಿ ಮೋಸ ಹೋಗೋದು ಸುಲಭ. ಅದಕ್ಕೆ ಪೋರ್ಷೆ ಬೆಲೆ ಹೇಳ್ತಾರೆ, ಅದು ಬೇರೆ ಮಾತು. ಕಾರಿನ ಸಾಕೆಟ್ (ಜಾಕ್ ಮೂತಿ ತೂರಿಸೋ ಚೌಕ ತೂತು) ಒಳಅಳತೆ ವರ್ನಿಯರ್‌ನಲ್ಲಿ ತೆಗೆದುಕೊಳ್ಳಿ, ಮಾರೋರಿಗೆ ಮೂತಿಯ ಅಗಲ, ಉದ್ದ ಎರಡೂ ಅಳೆದು ಫೋಟೋ ಕಳಿಸೋಕೆ ಹೇಳಿ. ಮೂತಿ ಪೂರ್ತಿ ಒಳಗೆ ಹೋಗಬೇಕು, ಸ್ವಲ್ಪ ಸಡಿಲವೂ ಇರಬೇಕು.

ಮೂರನೆಯದು ಅಚ್ಚು. ಹತ್ತಿರದಿಂದ, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಫೋಟೋ ಕೇಳಿ. ತುಕ್ಕು ತಿಂದ ಸಣ್ಣ ಗುಳಿಗಳು ಅಕ್ಷರದ ಒಳಗೂ ಹೊರಗೂ ಒಂದೇ ಸಮ ಹರಡಿದ್ದರೆ ಅಚ್ಚು ಹಳೇದು. ಗುಳಿಯ ಮೇಲೆ ಅಂಕಿಯ ಅಂಚು ಚೂಪಾಗಿ ಕೊರೆದುಕೊಂಡು ಹೋಗಿದ್ದರೆ ತುಕ್ಕು ಹಿಡಿದ ಮೇಲೆ ಯಾರೋ ಪಂಚ್ ಹೊಡೆದಿದ್ದಾರೆ. ದಪ್ಪ ಬಣ್ಣ ಬಳಿದಿರೋದು ಇದನ್ನೇ ಮುಚ್ಚೋಕೆ ಇರಬಹುದು. ಆ ಜಾಗದಲ್ಲಿ ಥಿನ್ನರ್ ಒರೆಸಿ ತೋರಿಸಿ ಅನ್ನಿ, ಒಪ್ಪದಿದ್ದರೆ ಬಿಟ್ಟುಬಿಡಿ.

ನಾಲ್ಕು ಸಿಲಿಂಡರ್:
ತಾರೀಖಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಯಾಕೆ? ಹಳೇ ಕಾರುಗಳ ಪ್ರದರ್ಶನದಲ್ಲಿ ಜಡ್ಜ್ ಆದವರು ಬಾನೆಟ್ ಎತ್ತಿ ಜಾಕ್ ಇದೆಯಾ, ಕ್ಲಿಪ್‌ನಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡೋದೇ ಹೆಚ್ಚು. ಅದೇ ಮಾದರಿಯ, ಒಂದೆರಡು ವರ್ಷ ಆಚೀಚಿನ, ಚೆನ್ನಾಗಿ ಕೆಲಸ ಮಾಡೋ ಜಾಕ್ ಸಿಕ್ಕರೆ ನಾನಾದರೆ ತಗೊಳ್ಳೋದೇ. ಸರಿಯಾದ ತಾರೀಖಿನದು ಸಿಕ್ಕಾಗ ಇದನ್ನ ಮಾರಿದರಾಯ್ತು. ಅಸಲಿ ಬೀಟಲ್ ಜಾಕ್‌ಗೆ ಗಿರಾಕಿ ಯಾವತ್ತೂ ಇರ್ತಾರೆ.

ಆದರೆ ಸಲಾಕೆ ಇಲ್ಲ ಅಂದಿದ್ದಕ್ಕೆ ಬೆಲೆ ಗಟ್ಟಿಯಾಗಿ ಇಳಿಸಿ. ಚಕ್ರದ ಬೋಲ್ಟ್ ಬಿಚ್ಚೋ ಪಾನಾಗೆ ಅಡ್ಡ ತೂರಿಸೋದೂ ಅದೇ ಸಲಾಕೆ. ಬೇರೆಯಾಗಿ ಹುಡುಕೋದು ಜಾಕ್‌ಗಿಂತ ತಲೆನೋವು. ಕಟ್ಟಡದ ಕಂಬಿ ತುಂಡು ಹಾಕೋರನ್ನ ನೋಡಿದೀನಿ. ಅದು ತೂತಿನಲ್ಲಿ ಆಡುತ್ತೆ, ಭಾರ ಇರುವಾಗ ಜಾರಿ ಮೊಣಕೈಗೋ ಫೆಂಡರ್‌ಗೋ ಹೊಡೆಯುತ್ತೆ. ತೂತಿನ ಅಳತೆಗೆ ಸರಿಯಾಗಿ ಲೇತ್‌ನಲ್ಲಿ ಮಾಡಿಸಿ.

ಪಾನಾಪೆಟ್ಟಿಗೆ:
ಜಡ್ಜ್ ಜಡ್ಜ್‌ಗೆ ವ್ಯತ್ಯಾಸ ಸರ್, ಒಪ್ತೀನಿ. ಆದರೂ 67ರ ಜಾಕ್‌ಗೆ 65ರ ಬೆಲೆ ಕೊಡಬೇಡಿ.

ಬಳಸೋ ಪ್ರಶ್ನೆಗೆ ಬರೋಣ. ಮೊದಲು ಕಂಬ ನೋಡಿ. ಈ ಜಾಕ್‌ನಲ್ಲಿ ಕಂಬ ನುಣ್ಣಗಿರುತ್ತೆ, ಹಲ್ಲೂ ಇಲ್ಲ, ಸ್ಕ್ರೂ ಥ್ರೆಡ್ಡೂ ಇಲ್ಲ. ಒಳಗಿನ ಪಟ್ಟಿಗಳು ಭಾರಕ್ಕೆ ಓರೆಯಾಗಿ ಕಂಬವನ್ನ ಕಚ್ಚಿ ಹಿಡಿಯುತ್ತವೆ, ಸ್ಪ್ರಿಂಗ್ ಅವನ್ನ ಆ ಓರೆಯಲ್ಲೇ ಇಡುತ್ತೆ. ಸಾಮಾನ್ಯವಾಗಿ ಸಲಾಕೆ ಮೇಲಿನ ತೂತಿಗೆ ಹಾಕಿದರೆ ಏರುತ್ತೆ, ಕೆಳಗಿನದಕ್ಕೆ ಹಾಕಿದರೆ ಒಂದೊಂದೇ ಹೆಜ್ಜೆ ಇಳಿಯುತ್ತೆ. ಪೂರ್ತಿ ಹಿಡಿತ ಘರ್ಷಣೆಯದ್ದು. ಅದಕ್ಕೇ ಕಂಬಕ್ಕೆ ಗ್ರೀಸ್ ಬಳಿಯೋದು, ಪೌಡರ್ ಕೋಟಿಂಗ್ ಮಾಡಿಸೋದು, ಕ್ರೋಮ್ ಹಾಕಿಸೋದು ಮೂರೂ ಅಪಾಯ. ನೋಡೋಕೆ ಚೆಂದ, ಭಾರ ಬಿದ್ದಾಗ ಸರ್ರನೆ ಜಾರುತ್ತೆ.

ಹಾಳಾಗೋದು ಹೆಚ್ಚಾಗಿ ಮೂರು ಕಡೆ. ಪಟ್ಟಿಯ ಕಚ್ಚೋ ಅಂಚು ಸವೆದು ದುಂಡಗಾಗಿರುತ್ತೆ; ಟಾರ್ಚ್ ಬಿಟ್ಟರೆ ಹೊಳೆಯೋ ಗೆರೆ ಅಗಲವಾಗಿ ಕಾಣುತ್ತೆ. ಸ್ಪ್ರಿಂಗ್ ಮುರಿದಿರುತ್ತೆ, ಇಲ್ಲಾ ಯಾರೋ ಬಾಲ್‌ಪೆನ್ ಸ್ಪ್ರಿಂಗ್‌ನಂಥದ್ದು ಸಿಕ್ಕಿಸಿರ್ತಾರೆ. ಕಂಬ ಬಾಗಿರುತ್ತೆ, ಉಕ್ಕಿನ ಸ್ಕೇಲ್ ಉದ್ದಕ್ಕೆ ಇಟ್ಟು ಹಿಂದೆ ಬೆಳಕು ಹಿಡಿದರೆ ಸಂದು ಗೊತ್ತಾಗುತ್ತೆ. ಬಾಗಿದ ಕಂಬವನ್ನ ಕಾಯಿಸಿ ನೆಟ್ಟಗೆ ಮಾಡಿಸಬೇಡಿ, ಆ ಜಾಗ ಮೆತ್ತಗಾಗುತ್ತೆ. ಅಂಥದ್ದು ಶೋಕೇಸ್‌ಗೆ ಸರಿ.

ತುಕ್ಕುವೈರಿ:
ಎಲ್ಲರೂ ಜಾಕ್ ಬಗ್ಗೆ ಹೇಳಿದರು, ಕಾರಿನ ಕಡೆಯ ಸಾಕೆಟ್ ಗಟ್ಟಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಬೀಟಲ್‌ನಲ್ಲಿ ಒಂದೊಂದು ಪಕ್ಕಕ್ಕೆ ಒಂದೇ, ರನ್ನಿಂಗ್ ಬೋರ್ಡ್ ಕೆಳಗೆ, ಹಿಂಚಕ್ರದ ಸ್ವಲ್ಪ ಮುಂದೆ. ಕಾರು ಮುಕ್ಕಾಲು ಟನ್ ಆಸುಪಾಸು. ಒಂದು ಪಕ್ಕ ಎತ್ತಿದಾಗ ಅದರ ಸುಮಾರು ಅರ್ಧ ಆ ಒಂದು ಚೌಕದ ಮೇಲೆ ಕೂರುತ್ತೆ. ಹಿಂಚಕ್ರ ಎಸೆಯೋ ನೀರು, ಕೆಸರು ಎಲ್ಲ ಅಲ್ಲೇ ಸೇರೋದು.

ಸಾಕೆಟ್ ಒಳಗಿನ ಮಣ್ಣು, ಡಾಂಬರು ಕೆರೆದು ತೆಗೆಯಿರಿ. ಸುತ್ತಲಿನ ವೆಲ್ಡಿಂಗ್ ಮತ್ತು ಫ್ಲೋರ್ ಪ್ಯಾನ್ (ಕಾರಿನ ನೆಲದ ತಗಡು) ಅಂಚನ್ನ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ನಿಮ್ಮ ಕಾರಿಗೆ ಹೊಸ ಪ್ಯಾನ್ ಹಾಕಿಸಿದ್ದರೆ ಇನ್ನೂ ಹುಷಾರು: ಅಗ್ಗದ ಪ್ಯಾನ್‌ಗಳು ಎಷ್ಟೋ ಸಲ ಸಾಕೆಟ್ ಇಲ್ಲದೇ ಬರ್ತವೆ, ಆಮೇಲೆ ಟಿಂಕರ್ ಒಂದು ಚೌಕ ಪೈಪ್ ತುಂಡು ನಾಲ್ಕು ಚುಕ್ಕಿ ವೆಲ್ಡಿಂಗ್‌ನಲ್ಲಿ ಅಂಟಿಸಿರ್ತಾರೆ. ಅದು ಭಾರಕ್ಕೆ ಮೇಲಕ್ಕೆ ಮಡಚಿಕೊಂಡು ಹೀಟರ್ ಚಾನಲ್‌ಗೆ (ಬಾಗಿಲ ಕೆಳಗೆ ಬಿಸಿಗಾಳಿ ಹೋಗೋ ಟೊಳ್ಳು ಪೆಟ್ಟಿಗೆ) ಗುದ್ದುತ್ತೆ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದು ಮೇಲೆ, ಕೆಳಗೆ ಅಳೆದುಕೊಳ್ಳಿ. ಹಿಂಚಕ್ರ ನೆಲ ಬಿಡೋವರೆಗೆ ಎತ್ತಿ ಮತ್ತೆ ಅಳೆಯಿರಿ. ಕಣ್ಣಿಗೆ ಕಾಣೋ ಹಾಗೆ ಸಂದು ಬದಲಾದರೆ, ಬಾಗಿಲು ತೆಗೆಯುವಾಗ ಬಿಗಿ ಅನಿಸಿದರೆ, ಜಾಕ್ ಇಳಿಸಿ. ಮೊದಲು ಹೀಟರ್ ಚಾನಲ್ ಕೆಲಸ ಆಗಬೇಕು.

ಗುಜರಿ ಗಿರಾಕಿ:
ಹುಡುಕೋ ವಿಷಯ. ಜರ್ಮನ್ ಸೈಟ್‌ಗಳಲ್ಲಿ "ಕೇಫರ್ ವಾಗನ್‌ಹೇಬರ್" (ಬೀಟಲ್ ಜಾಕ್) ಅಂತ ಅವರ ಸ್ಪೆಲಿಂಗ್‌ನಲ್ಲಿ, Käfer Wagenheber, ಹುಡುಕಿ, ಇಂಗ್ಲಿಷ್‌ನಲ್ಲಿ ಬರೋದಕ್ಕಿಂತ ಹೆಚ್ಚು ಮಾಲು, ಕಡಿಮೆ ಬೆಲೆ. ಆ ಕಡೆ ಇರೋ ಕನ್ನಡದವರು ಪರಿಚಯ ಇದ್ದರೆ ಬಾಡ್ ಕಾಂಬರ್ಗ್, ಹೆಸ್ಸಿಷ್ ಓಲ್ಡೆನ್‌ಡಾರ್ಫ್ ಊರುಗಳ ಹಳೇ ಫೋಕ್ಸ್‌ವ್ಯಾಗನ್ ಕೂಟಗಳಲ್ಲಿ ಬಿಡಿಭಾಗ ಮಾರೋರ ಹತ್ತಿರ ಕೈಯಲ್ಲಿ ಹಿಡಿದು ನೋಡಿ ತರಬಹುದು. ಚೆಕ್‌ಇನ್ ಬ್ಯಾಗ್‌ನಲ್ಲೇ ಹಾಕಬೇಕು, ಕೈಚೀಲದಲ್ಲಿ ಬಿಡಲ್ಲ. ಎಣ್ಣೆ ಜಿಡ್ಡು ಒರೆಸಿರಲಿ. ಕೊರಿಯರ್ ಆದರೆ ಕಬ್ಬಿಣದ ತೂಕಕ್ಕೆ ಜಾಕ್ ಬೆಲೆಗಿಂತ ಸಾಗಾಟವೇ ಹೆಚ್ಚಾಗಬಹುದು, ಮೊದಲೇ ಕೇಳಿಕೊಳ್ಳಿ.

ಬ್ರೆಜಿಲ್, ಮೆಕ್ಸಿಕೋದಿಂದ ಬರೋ ಜಾಕ್‌ಗಳನ್ನ ಅಸಲಿ ಅಂತ ಮಾರ್ತಾರೆ. ಅವೂ ಬೀಟಲ್ ಜಾಕೇ (ಮೆಕ್ಸಿಕೋದ ಪ್ವೆಬ್ಲಾದಲ್ಲಿ 2003ರವರೆಗೂ ಕಾರು ತಯಾರಾಗಿದೆ), ಆದರೆ ಜರ್ಮನಿಯ 65ರ ಕಾರಿನದಲ್ಲ.

ಬೆಂಗಳೂರಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇದನ್ನ ಕೇಳಿ ಪ್ರಯೋಜನ ಕಡಿಮೆ. ಶಿವಾಜಿನಗರದ ಗುಜರಿ ಸಾಲಿನಲ್ಲಿ "ಬೀಟಲ್ ಜಾಕ್ ಇದೆಯಾ" ಅಂದರೆ ಇಲ್ಲ ಅಂತಾರೆ. ಫೋಟೋ ತೋರಿಸಿ, "ಚೌಕ ಮೂತಿಯ ಹಳೇ ಕಾರ್ ಜಾಕ್" ಅನ್ನಿ. ಅವರಿಗೆ ಕಾರಿನ ಹೆಸರು ಬೇಡ, ಆಕಾರ ಬೇಕು.

ಏರ್‌ಕೂಲ್ಡ್ ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಸಾಕೆಟ್ ಗಟ್ಟಿ ಇದೆ, ಪ್ಯಾನ್ ಹಳೇದೇ. ಜಾಕ್ ಸಿಕ್ಕಮೇಲೆ ತುಕ್ಕು ತೆಗೆಯೋದು, ಬಣ್ಣ ಹೊಡೆಯೋದು, ಮೊದಲ ಸಲ ಎತ್ತೋದು ಹೇಗೆ ಅಂತ ಯಾರಾದರೂ ಹೇಳ್ತೀರಾ?

ತುಕ್ಕುವೈರಿ:
ಮರಳು ಬ್ಲಾಸ್ಟಿಂಗ್ ಬೇಡವೇ ಬೇಡ. ಅಚ್ಚು ಮಾಸುತ್ತೆ, ಮರಳು ಪಟ್ಟಿಗಳ ಮಧ್ಯೆ ಸೇರುತ್ತೆ. ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ಆಸಿಡ್‌ನಲ್ಲಿ ಅದ್ದೋದು, ಸ್ಪ್ರಿಂಗ್ ಮತ್ತು ಪಟ್ಟಿಗೆ ಜಿಂಕ್ ಪ್ಲೇಟಿಂಗ್ ಮಾಡಿಸೋದು ಬೇಡ: ಗಟ್ಟಿ ಉಕ್ಕಿಗೆ ಹೈಡ್ರೋಜನ್ ಸೇರಿ ಪೆಡಸಾಗುತ್ತೆ, ಆಮೇಲೆ ಸದ್ದಿಲ್ಲದೆ ಮುರಿಯುತ್ತೆ. ಬಣ್ಣ ತೆಗೆಯೋ ಮುಂಚೆ ಪಾದದ ಕೀಲಿನ ಸಂದು, ಸಲಾಕೆ ತೂತಿನ ಒಳಗೋಡೆ ನೋಡಿ. ಫ್ಯಾಕ್ಟರಿ ಬಣ್ಣದ ಚೂರು ಉಳಿದಿರೋದು ಅಲ್ಲೇ. ಅದಕ್ಕೆ ಹೊಂದಿಸಿ ತೆಳುವಾಗಿ ಹೊಡೆಯಿರಿ. ಕಂಬ, ಚೌಕ ಮೂತಿ ಎರಡಕ್ಕೂ ಬಣ್ಣ ಬೇಡ. ಕೊನೆಗೆ ಕಂಬವನ್ನ ಥಿನ್ನರ್ ಬಟ್ಟೆಯಲ್ಲಿ ಒಣಗೋ ಹಾಗೆ ಒರೆಸಿ. ಎಣ್ಣೆ ಕೀಲಿನ ಪಿನ್‌ಗಳಿಗೆ ಮಾತ್ರ, ಒಂದೊಂದು ಹನಿ.

ಪಾನಾಪೆಟ್ಟಿಗೆ:
ಎತ್ತೋದು: ಗಟ್ಟಿ, ಸಮ ನೆಲ. ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್, ಎತ್ತದೇ ಇರೋ ಎದುರು ಪಕ್ಕದ ಎರಡು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ಬೋಲ್ಟ್ ಸ್ವಲ್ಪ ಸಡಿಲಿಸಿ. ಮೂತಿ ಪೂರ್ತಿ ತೂರಿಸಿ, ಜಾಕ್ ಪಾದ ಕಾರಿನ ಅಡಿಗೆ ಒಂಚೂರು ಒಳಗಿರಲಿ. ಕಾರು ಓರೆಯಾಗುತ್ತಾ ಪಾದವನ್ನ ಹೊರಕ್ಕೆ ತಳ್ಳುತ್ತೆ, ಹಾಗಾಗಿ ಪೂರ್ತಿ ಎತ್ತಿದಾಗ ಕಂಬ ನೆಟ್ಟಗೆ ನಿಲ್ಲಬೇಕು. ಶುರುವಿನಲ್ಲೇ ನೆಟ್ಟಗಿಟ್ಟರೆ ಕೊನೆಗೆ ಕಂಬದ ತಲೆ ಕಾರಿನ ಕಡೆ ವಾಲಿರುತ್ತೆ.

ನಿಮ್ಮದು ಸ್ವಿಂಗ್ ಆಕ್ಸಲ್. ಬಾಡಿ ಎಷ್ಟೋ ಮೇಲೆ ಹೋದರೂ ಹಿಂಚಕ್ರ ಕೆಳಗೆ ಜೋತು ಒಳಕ್ಕೆ ಮಡಚಿಕೊಳ್ಳುತ್ತೆ, ನೆಲ ಬಿಡೋಕೆ ತಡ. ಹೊಸ ಕಾರುಗಳ ಗಿಡ್ಡ ಸಿಜರ್ ಜಾಕ್ ಇಲ್ಲಿ ಸಾಲದೇ ಹೋಗೋದು ಇದಕ್ಕೇ. ಇಳಿಸಿದ ಮೇಲೂ ಚಕ್ರ ಮಡಚಿದ ಹಾಗೇ ನಿಂತಿರುತ್ತೆ, ಗಾಬರಿ ಬೇಡ. ನಾಲ್ಕು ಹೆಜ್ಜೆ ಮುಂದಕ್ಕೆ ಉರುಳಿಸಿದರೆ ತಾನೇ ಕೂರುತ್ತೆ.

ಮೊದಲ ಸಲ ಎತ್ತುವಾಗ ಟಾರ್ಷನ್ ಟ್ಯೂಬ್ (ಹಿಂಚಕ್ರಗಳ ಮುಂದೆ ಅಡ್ಡಕ್ಕಿರೋ ದಪ್ಪ ಕೊಳವೆ) ಅಡಿಗೆ ಸ್ಟ್ಯಾಂಡ್ ಇಡಿ, ಮುಟ್ಟದ ಹಾಗೆ, ಒಂದು ಬೆರಳು ಸಂದು ಬಿಟ್ಟು. ಕಂಬದ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದು ಕಾಲು ಗಂಟೆ ಬಿಡಿ. ಗೆರೆಯಿಂದ ಕೂದಲೆಳೆ ಜಾರಿದರೂ ಆ ಜಾಕ್ ಬಾನೆಟ್ ಒಳಗಿನ ಅಲಂಕಾರಕ್ಕೆ ಮಾತ್ರ. ಜಾರದಿದ್ದರೆ ಚಕ್ರ ಬದಲಿಸೋಕೆ ಧಾರಾಳ ಸಾಕು. ಕಾರಿನ ಕೆಳಗೆ ನುಗ್ಗೋ ಕೆಲಸಕ್ಕೆ ಟ್ರಾಲಿ ಜಾಕ್, ಸ್ಟ್ಯಾಂಡ್. ಟ್ರಾಲಿ ಜಾಕನ್ನ ಇಂಜಿನ್ ಅಡಿಗೆ, ಫ್ಲೋರ್ ಪ್ಯಾನ್‌ಗೆ ಕೊಡಬೇಡಿ.

ಇನ್ನೊಂದು: ಕ್ಲಿಪ್ ಸಿಗಲಿಲ್ಲ ಅಂತ ಜಾಕನ್ನ ಹಿಂದಿನ ಸೀಟಿನ ಕೆಳಗೆ ಸುಮ್ಮನೆ ಬಿಸಾಕಬೇಡಿ. ಬ್ಯಾಟರಿ ಅಲ್ಲೇ ಇದೆ, ಉಬ್ಬುತಗ್ಗಿನಲ್ಲಿ ಟರ್ಮಿನಲ್‌ಗೆ ತಗುಲಿದರೆ ಸೀಟಿನ ನಾರಿಗೆ ಬೆಂಕಿ ಹತ್ತುತ್ತೆ.