ಹಳೇ ಶಾಲೆಯ ಹೆಂಚಿನ ಮೇಲೆ 1865 ಅಂತಿದೆ, ಕಟ್ಟಡವೂ ಅಷ್ಟು ಹಳೇದಾ?

ಪ್ರಶ್ನೆ: ದಕ್ಷಿಣ ಕನ್ನಡದ ಮುರಕಲ್ಲಿನ (ಜಂಬಿಟ್ಟಿಗೆಯ) ಶಾಲೆ. ಹೆಂಚಿನ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅಂತ ಅಚ್ಚಿದೆ. ಸ್ಮರಣ ಸಂಚಿಕೆಗೆ ಇದೇ ಇಸವಿ ಹಾಕಬಹುದಾ? ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದ್ದು ಉದುರುತ್ತಿದೆ, ಅದಕ್ಕೇನು ಮಾಡೋದು?

ಉತ್ತರ 1: ಹಾಕಬೇಡಿ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ, ಮಂಗಳೂರಿನಲ್ಲಿ ಅದರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ 1865. ಆಮೇಲೆ ಮಾಡಿದ ಹೆಂಚಿಗೂ ಅದೇ ಅಚ್ಚು. ಮಿಷನ್ನಿನ ಕಾರ್ಖಾನೆಗಳನ್ನು ಆಮೇಲೆ ವಹಿಸಿಕೊಂಡ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ಮಾಡಿನ (ಚಾವಣಿಯ) ಹೆಂಚು ಎಷ್ಟೋ ಸಲ ಬದಲಾಗಿರುತ್ತೆ. ಹಳೇ ದಾಖಲಾತಿ ಪುಸ್ತಕ, ಇನ್‌ಸ್ಪೆಕ್ಟರ್ ಭೇಟಿ ಪುಸ್ತಕ ನೋಡಿ. ಅದರಲ್ಲೂ ಶಾಲೆ ಶುರುವಾದ ವರ್ಷ ಬೇರೆ, ಕಟ್ಟಡ ಎದ್ದ ವರ್ಷ ಬೇರೆ ಇರಬಹುದು.

ಉತ್ತರ 2: ಗೋಡೆ ವಿಷಯ. ಮುರಕಲ್ಲು ನೀರು ಹೀರುತ್ತೆ, ಸುಣ್ಣದ ಗಾರೆಯಾದರೆ ಅದು ಆರಿ ಹೊರಗೆ ಹೋಗುತ್ತೆ. ಸಿಮೆಂಟ್ ತಡೆಯುತ್ತೆ, ತೇವ, ಉಪ್ಪು ಒಳಗೇ ಸೇರಿ ಗಾರೆಯನ್ನು ನೂಕುತ್ತೆ. ಮೇಲೆ ಮತ್ತೊಂದು ಪದರ ಸಿಮೆಂಟ್ ಬಳಿದರೆ ದುಡ್ಡು ದಂಡ. ಉಳಿಯಿಂದ ನಿಧಾನಕ್ಕೆ ಕಿತ್ತು, ಗೋಡೆ ಆರಲು ಬಿಡಿ. ಎರಡು ವಾರವಾದರೂ ನೆನೆದ ಸುಣ್ಣ 1 ಪಾಲು, ಮರಳು 3 ಪಾಲು. ಗೋಡೆಗೆ ನೀರು ಚಿಮುಕಿಸಿ 10 ಮಿ.ಮೀ. ದಪ್ಪಕ್ಕೆ ಬಳಿದು, ಒದ್ದೆ ಗೋಣಿ ಇಳಿಬಿಡಿ. ಎರಡನೇ ಪದರ ವಾರ ಬಿಟ್ಟು. ಕೆಲಸ ಮಳೆಗಾಲ ಕಳೆದ ಮೇಲೆ. ಮೇಲಕ್ಕೆ ಸುಣ್ಣವೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಉತ್ತರ 3: ಗೋಡೆಗೂ ಮೊದಲು ಹೆಂಚಿನ ಮಾಡನ್ನು ನೋಡಿ ಸರ್. ಹೊಸ ಹೆಂಚಿನ ಅಳತೆ ಹಳೇದಕ್ಕೆ ಕೂರದಿದ್ದರೆ ಸಂದಿಯಲ್ಲಿ ಸೋರಿ ರೀಪು (ಹೆಂಚು ಕೂರುವ ಮರದ ಪಟ್ಟಿ) ಕೊಳೆಯುತ್ತೆ. ಹಳೇ ಹೆಂಚೆಲ್ಲ ಒಂದು ಬದಿಗೆ, ಹೊಸದು ಇನ್ನೊಂದು ಬದಿಗೆ ಹೊದಿಸಿ.