ಅತ್ತಿಗುಂಡಿಯ ಚಳಿಗೆ ಜಕರಂಡ ಬರುವುದಿಲ್ಲವೇ?

ಪ್ರಶ್ನೆ – ಗಿರಿಯ ಮನೆಯವಳು

ಬಾಬಾಬುಡನ್‌ಗಿರಿಯ ದಾರಿಯಲ್ಲಿ, ಅತ್ತಿಗುಂಡಿಗಿಂತ ಸ್ವಲ್ಪ ಕೆಳಗೆ ನಮ್ಮ ಮನೆ. ಅಂಗಳದ ಪಡುವಣ ಮೂಲೆಗೆ ನೆರಳೂ ಬೇಕು, ಹೂವೂ ಬೇಕು ಎಂದು ಹೋಗಿ ಎರಡು ವರ್ಷದಲ್ಲಿ ಮೂರು ಗಿಡ ಕಳೆದುಕೊಂಡೆ. ಗುಲ್‌ಮೊಹರ್ ಪುಷ್ಯದ ಚಳಿಗೆ ಎಲೆ ಉದುರಿಸಿದ್ದು ಮತ್ತೆ ಚಿಗುರಲಿಲ್ಲ. ಜೂನ್‌ನಲ್ಲಿ ನೆಟ್ಟ, ನೇರಳೆ ಹೂವಿನ ಎರಡು ಜಕರಂಡಗಳಲ್ಲಿ ಒಂದರ ಬುಡ ಆಗಸ್ಟ್‌ಗೇ ಕಪ್ಪಾಯಿತು. ಇನ್ನೊಂದು ಡಿಸೆಂಬರ್‌ನಲ್ಲಿ ತುದಿಯಿಂದ ಒಣಗುತ್ತಾ ಬಂತು. ‘ಸಿಲ್ವರ್ ಓಕ್ ಹಾಕು, ಮೆಣಸಾದರೂ ಹಬ್ಬೀತು’ ಎನ್ನುತ್ತಾರೆ ಮನೆಯವರು. ತೋಟದ ತುಂಬ ಇರುವ ಕಂಬಗಳು ಸಾಲದೆಂದು ಅಂಗಳಕ್ಕೂ ಒಂದೇ?

ಉತ್ತರ – ಹಳೆಯ ಬೆಳೆಗಾರ

ಚಳಿಯೊಂದನ್ನೇ ದೂರಬೇಡಿ. ಜಕರಂಡದ ತವರು ಅರ್ಜೆಂಟೀನಾ, ಬೊಲಿವಿಯಾದ ಕಡೆ. ಬಲಿತ ಮರ ಶೂನ್ಯಕ್ಕಿಂತ ಕೆಳಗಿನ ಚಳಿಯನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ತಡೆಯಲಾಗದ್ದು ಎಳೆಯ ಗಿಡಕ್ಕೆ. ನಿಮ್ಮ ಮೊದಲ ಗಿಡವನ್ನಂತೂ ಕೊಂದದ್ದು ನೀರು. ನಮ್ಮ ಮಳೆಗೆ ಗುಣಿ ತೋಡಿ ಜಕರಂಡ ನೆಟ್ಟರೆ ಅದು ಗುಣಿಯಲ್ಲ, ಬಾವಿ. ನಾನೂ ಎರಡು ಗಿಡಗಳನ್ನು ಹೀಗೇ ಮುಳುಗಿಸಿದ್ದೇನೆ.

ಒಂದು ಮಳೆಗಾಲ, ಒಂದು ಚಳಿಗಾಲ ಸೂರಿನಡಿ ದೊಡ್ಡ ಚೀಲದಲ್ಲೇ ಬೆಳೆಸಿ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಮೊಣಕಾಲೆತ್ತರದ ದಿಬ್ಬ ಮಾಡಿ ನೆಡಿ; ಜೂನ್ ಹೊತ್ತಿಗೆ ಬೇರು ಹಿಡಿದಿರುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಯೂರಿಯಾ ಮುಟ್ಟಿಸಬೇಡಿ, ಎಳೆಚಿಗುರು ನೇರ ಚಳಿಯ ಬಾಯಿಗೆ ಹೋಗುತ್ತದೆ. ಪಡುವಣ ಮೂಲೆಯನ್ನು ಮರೆತುಬಿಡಿ. ಆಷಾಢದ ಗಾಳಿ ಬರುವುದೇ ಅತ್ತಲಿಂದ, ಜಕರಂಡದ ಕೊಂಬೆಯೋ ಲಟಕ್ಕೆಂದು ಮುರಿಯುವಂಥದ್ದು.

ಬೀಜದ ಗಿಡವಾದರೆ ಹೂವಿಗೆ ಏಳೆಂಟು ವರ್ಷವಾದರೂ ಕಾಯಬೇಕು.

ಉತ್ತರ – ಮೂಡಿಗೆರೆಯಿಂದ

ನೇರಳೆ ಬಣ್ಣವೇ ಬೇಕೆಂದರೆ ಹೊಳೆದಾಸವಾಳ ಇರುವಾಗ ಅರ್ಜೆಂಟೀನಾಕ್ಕೆ ಏಕೆ ಹೋಗುತ್ತೀರಿ? ಹೊಳೆಬದಿಯಲ್ಲಿ ಹುಟ್ಟಿ ಬೆಳೆಯುವ ಮರ, ನಮ್ಮ ಮಳೆಗೆ ಹೆದರುವುದಿಲ್ಲ. ನಮ್ಮ ಗೇಟಿನ ಬಳಿಯದು ಮೇ ತಿಂಗಳಲ್ಲಿ ಹೂಬಿಟ್ಟರೆ ಬಸ್ಸಿನವರೂ ಬಗ್ಗಿ ನೋಡುತ್ತಾರೆ. ಆದರೆ ನಿಮ್ಮಷ್ಟು ಎತ್ತರದಲ್ಲಿ ನಾನು ಬೆಳೆಸಿಲ್ಲ.

ಗಿರಿಯ ಮನೆಯವಳು

ಹಾಗಾದರೆ ಪಡುವಣಕ್ಕೆ ಹೊಳೆದಾಸವಾಳ, ಮೂಡಣಕ್ಕೆ ಜಕರಂಡ. ಒಂದೇ ತೊಡಕು: ಮೂಡಣದಲ್ಲಿ ಕಾಫಿ ಒಣಗಿಸುವ ಕಣವಿದೆ. ನೆರಳು ಬಿದ್ದರೆ ಮನೆಯವರು ಮರವನ್ನೂ ನನ್ನನ್ನೂ ಬಿಡುವುದಿಲ್ಲ.

ಹಳೆಯ ಬೆಳೆಗಾರ

ನೆರಳಿಗಿಂತ ಎಲೆಯದೇ ತಾಪತ್ರಯ. ನೀವು ಕಾಫಿ ಹರಡುವ ದಿನಗಳಲ್ಲೇ ಜಕರಂಡ ಎಲೆ ಉದುರಿಸುತ್ತದೆ, ಒಂದೊಂದೂ ಜೀರಿಗೆಯಷ್ಟು. ಕಣದಿಂದ ಮೂವತ್ತು ಅಡಿ ದೂರ ನೆಡಿ.