ಅಪ್‌ಡೇಟ್: ಗುಳ್ಳದ ಸಾಲಿನ ಕೊನೆಗೂ ನೀರು ಮುಟ್ಟಿತು

ಕಳೆದ ತಿಂಗಳು ಕೇಳಿದ್ದೆ: ಉಡುಪಿ ಹತ್ತಿರದ ಕಟಪಾಡಿ ಕಡೆಯ ನಮ್ಮ ಹೊಯ್ಗೆ (ಮರಳು ಮಣ್ಣಿನ) ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಮಟ್ಟು ಗುಳ್ಳ ಬದನೆ ನೆಟ್ಟಿದ್ದೇವೆ. ಸಾಲಿಗೆ ನೀರು ಬಿಟ್ಟರೆ ಮೇಲ್ತುದಿಯ ಗಿಡ ಹಳದಿಯಾಗುತ್ತದೆ, ಕೆಳತುದಿಯದ್ದು ಬಾಡುತ್ತದೆ, ಏನು ಮಾಡಲಿ ಎಂದು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಧನ್ಯವಾದ.

ಮೊದಲು ನೂರು ಅಡಿಯ ಸಾಲನ್ನು ನಡುವೆ ಕಡಿದು ಐವತ್ತು ಮಾಡಿದೆ. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿ, ಐವತ್ತು ಅಡಿಗೆ ಮೂರು ಇಂಚು ಇಳಿಜಾರು ಕೊಟ್ಟೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಬಿಡುವ ಸಲಹೆ ಮಾತ್ರ ನಮ್ಮಲ್ಲಿ ನಡೆಯಲಿಲ್ಲ. ಸಾಲುಗಳ ನಡುವೆ ಗಿಡ ನೆಟ್ಟ ಬೋದನ್ನು (ಮಣ್ಣಿನ ಏರಿ) ಕೈಯಲ್ಲಿ ಬಗೆದು ನೋಡಿದರೆ ಒದ್ದೆ ಒಂದು ಗೇಣೂ ಪಕ್ಕಕ್ಕೆ ಹೋಗಿರಲಿಲ್ಲ. ಹೊಯ್ಗೆಯಲ್ಲಿ ನೀರು ಪಕ್ಕಕ್ಕಿಂತ ಕೆಳಗೇ ಇಳಿಯುವುದು. ಜೇಡಿ ಮಣ್ಣಿನವರು ಖಂಡಿತ ಮಾಡಿ ನೋಡಿ.

ನಿಜವಾಗಿ ಕೈಹಿಡಿದದ್ದು ಬಿಟ್ಟು ಬಿಟ್ಟು ನೀರು ಕೊಡುವುದು. ಅರ್ಧ ಸಾಲಿನವರೆಗೆ ಹರಿಸಿ ನಿಲ್ಲಿಸುತ್ತೇನೆ, ಅಷ್ಟರಲ್ಲಿ ಪಕ್ಕದ ಸಾಲು. ಅರ್ಧ ಗಂಟೆ ಕಳೆದು ಮತ್ತೆ ಬಿಟ್ಟರೆ, ಒಮ್ಮೆ ನೆನೆದು ಕೂತ ಮಣ್ಣು ಅಷ್ಟು ಬೇಗ ಹೀರುವುದಿಲ್ಲ, ನೀರು ಸರ್ರನೆ ಕೊನೆಗೆ ಓಡುತ್ತದೆ. ಮೊನ್ನೆ ಕೊನೆಯ ಗಿಡದ ಬುಡದಲ್ಲಿ ನೀರು ಕಂಡಾಗ ಅಮ್ಮ ಗದ್ದೆಯ ಹುಣಿಯಿಂದಲೇ "ಬಂತು ಮಗಾ!" ಎಂದು ಕೂಗಿದರು.

ಪಂಪ್ ಈಗ ಮೂರು ಗಂಟೆಯ ಬದಲು ಎರಡೇ ಗಂಟೆ ಓಡುತ್ತದೆ. ಬೇಸಿಗೆಯಲ್ಲಿ ಹೆಚ್ಚು ಎಳೆದರೆ ಬಾವಿಗೆ ಉಪ್ಪು ಬರುವ ಊರು ನಮ್ಮದು, ಆ ಒಂದು ಗಂಟೆ ನಮಗೆ ತುಂಬಾ ದೊಡ್ಡದು. 2011ರಲ್ಲಿ ಜಿಐ (ಊರಿನ ಹೆಸರಿಗೇ ಸೇರಿದ ಬೆಳೆಯೆಂಬ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೆಳೆ, ನೀರಿಲ್ಲವೆಂದು ಬಿಡಲು ಮನಸ್ಸು ಬರುವುದಿಲ್ಲ. ಮೊದಲ ಕೊಯ್ಲು ಮುಂದಿನ ವಾರ.